ಮೇಲ್‌ಗೆ ಮನೆತನ ಹೇಳುವ ಕೆಂಪರಾಜು

ಕೆ.ಆರ್. ಪೇಟೆಯ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ಕೆಂಪರಾಜು ಮದುವೆ ಊಟಕ್ಕೆ ಕೂತರೂ ಅವನ ಕಣ್ಣು ಪಕ್ಕದವರ ಫೋನಿನ ಮೇಲೆಯೇ. "ಅಣ್ಣೋ, ನಿನ್ ಕಬ್ಣದ ಬೀರು ರೆಡಿ ಅಂತ ಅಂಗಡಿಯೋರು ಮೇಲ್ ಕಳ್ಸವ್ರೆ, ಸಿಕ್ತಾ? ಸ್ಪ್ಯಾಮಲ್ಲಿ ನೋಡು" ಎಂದು ಪಾಯಸ ಆರಲು ಬಿಟ್ಟು ತಾನೇ ಹುಡುಕುತ್ತಾನೆ. ಸಿಕ್ಕಿತೋ, "ಸ್ಪ್ಯಾಮ್ ಅಲ್ಲ" ಎಂಬುದನ್ನು ಒತ್ತಿ, "ನಮ್ದೇ ಬುಡಿ!" ಎಂದು ಎಲೆಯ ಕಡೆ ತಿರುಗುತ್ತಾನೆ. ಮೇಲ್ ಕಾಣದೆ ಗಿರಾಕಿಗಳು ಬೇರೆ ಅಂಗಡಿ ಹಿಡಿಯುತ್ತಿದ್ದಾರೆಂದು ಬೀರು ಅಂಗಡಿಯ ಅತಾವುಲ್ಲಾ ಸಾಹೇಬರು ಗೊಣಗಿದರೆ ಅವನ ಪಾಠ ಶುರು: "ಹೊಸಬ ಊರೊಳಕ್ಕೆ ಬಂದ್ರೆ ಯಾವೂರು, ಯಾರ ಮಗ ಅಂತ ಕೇಳಲ್ವಾ ಸಾಹೇಬ್ರೆ? ಮೇಲ್‌ಗೂ ಅಂಗೇಯ. ಇದು ನಿಮ್ಮ ಸೈಟಿಂದಲೇ ಬಂದದ್ದು ಅಂತ ಮೊದ್ಲೇ ಸಾಕ್ಷಿ ಇಡ್ಬೇಕು. ಇಲ್ದಿದ್ರೆ ಜಗಲೀಲೇ ಕೂರುಸ್ತಾರೆ." ಮೇಲ್‌ನ ತಲೆಬರಹಕ್ಕೆ ಸಾಲುಗಟ್ಟಿ ಆಶ್ಚರ್ಯಚಿಹ್ನೆ ಜಡಿಯುವವರನ್ನು ಮಾತ್ರ ಅವನು ಸುಮ್ಮನೆ ಬಿಡುವುದಿಲ್ಲ: "ಅಂಗೆ ಕೂಗ್ಕಂಡು ಬಂದ್ರೆ ಯಾರ್ಲಾ ಬಾಗ್ಲು ತೆಗೀತಾರೆ?" ತನ್ನ ಸ್ಪ್ಯಾಮ್ ಪೆಟ್ಟಿಗೆಯನ್ನಂತೂ ನೋಡದೆ ಅಳಿಸಿದವನಲ್ಲ, ನಿಮಗೆ ಲಾಟರಿ ಹೊಡೆದಿದೆ ಎನ್ನುವ ಕಳ್ಳನಿಗೂ ಅಲ್ಲಿ ಒಂದು ನೋಟ ಸಲ್ಲುತ್ತದೆ. ಈ ಹಠದ ಬೇರು ಊರಿನ ಹಿರಿಯರಿಗೆ ಗೊತ್ತು. ಇನ್ನೂ ಮಾತು ಬಾರದ ವಯಸ್ಸಿನಲ್ಲಿ ಅವನು ಅಕ್ಕಿಹೆಬ್ಬಾಳು ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬನೇ ಅಳುತ್ತ ಕೂತಿದ್ದನಂತೆ. ಯಾವೂರ ಕೂಸು, ಯಾರ ಮಗ ಎಂದು ನೆರೆದವರೆಲ್ಲ ಕೇಳಿದರು. ಉತ್ತರ ಕೊಡುವವರು ಯಾರೂ ಇರಲಿಲ್ಲ. ಈಗ ಅವನು ಅವ್ವಾ ಎಂದು ಕರೆಯುವ ಪುಟ್ಟಗೌರಮ್ಮ, ಅಂದು ಸೊಪ್ಪಿನ ಬುಟ್ಟಿ ಕೆಳಗಿಳಿಸಿ, ಅವನನ್ನು ಸೊಂಟಕ್ಕೆ ಎತ್ತಿಕೊಂಡು, "ನಮ್ದೇ ಬುಡಿ" ಅಂದಿದ್ದಳು.