ನಲವತ್ತೊಂದನೆಯ ಕಂಪ್ಯೂಟರ್

೨೦೦೩ರ ಆಗಸ್ಟ್ ೯, ಶನಿವಾರ. ಮಧ್ಯಾಹ್ನ ೨ ಗಂಟೆ ೧೦ ನಿಮಿಷಕ್ಕೆ ಕೆಲಸ ಶುರುವಾಯಿತೆಂದು ನನ್ನ ಡೈರಿಯಲ್ಲಿದೆ.

ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಆ ಕಚೇರಿ. ಅಲ್ಲಿನ ನಲವತ್ತು ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕಿತ್ತು. ಮೊದಲೆಲ್ಲ ಒಂದೊಂದರ ಮುಂದೆ ಕೂತು ಸಿಡಿ ಹಾಕುತ್ತಿದ್ದೆವು. ಈ ಸಲ ಹೊಸ ಸಾಧನ ಬಂದಿತ್ತು. ಸರ್ವರ್ ಕರೆದರೆ ಸಾಕು, ಆಫ್ ಆಗಿದ್ದ ಕಂಪ್ಯೂಟರು ತಾನೇ ಎದ್ದು, ಡಿಸ್ಕಿನಲ್ಲಿದ್ದ ಹಳೆಯದನ್ನು ಅಳಿಸುತ್ತಾ ಅದರ ಮೇಲೆ ಹೊಸ ನಕಲನ್ನು ಬರೆದುಕೊಳ್ಳುತ್ತಿತ್ತು. ಅಳಿಸುವ ಮುನ್ನ ಪ್ರತಿಯೊಂದೂ ಒಪ್ಪಿಗೆ ಕೇಳುತ್ತದೆ. ನಲವತ್ತು ಸಲ ಎದ್ದು ಓಡಾಡುವುದು ಯಾರಿಗೆ ಬೇಕೆಂದು ಆ ಪ್ರಶ್ನೆಯನ್ನು ನಾನೇ ತೆಗೆದುಹಾಕಿದ್ದೆ.

ನಲವತ್ತರ ಕಡತಗಳನ್ನೂ ಸಿಡಿಗೆ ಇಳಿಸಿ, ಪ್ರತಿಯೊಂದರ ನೆಟ್‌ವರ್ಕ್ ವೈರಿಗೂ ನಂಬರಿನ ಚೀಟಿ ಕಟ್ಟಿ, ಎರಡು ಬಾರಿ ಎಣಿಸಿದ್ದೆ.

ಕರೆ ಕಳುಹಿಸಿದೆ. ರಜೆಯಿಂದ ಖಾಲಿಯಾಗಿದ್ದ ಹಾಲಿನಲ್ಲಿ ಯಾರೂ ಮುಟ್ಟದೆ ಪರದೆಗಳು ಒಂದೊಂದಾಗಿ ಬೆಳಗಿದವು. ಸರ್ವರಿನ ಪಟ್ಟಿಯಲ್ಲಿ ನಲವತ್ತೊಂದು ಸಾಲು ಮೂಡಿದವು.

"ಇಷ್ಟೆಲ್ಲ ಬರ್ಕೋತೀಯ, ಎಣಿಸೋಕೆ ಬರಲ್ವಾ ಮಗಾ?" ಎಂದು ನಗುತ್ತಾ ನನ್ನ ಜೊತೆಗಾರ ಹಾಲು ಸುತ್ತಿದ. ಬಾತ್‌ರೂಮಿನಲ್ಲೂ ಇಣುಕಿದ. ವಾಪಸು ಬಂದಾಗ ನಗುತ್ತಿರಲಿಲ್ಲ.

"ನಲವತ್ತೇ ಗುರು. ಆ ಕೊನೇದು ಖಾಲಿ ಡಿಸ್ಕಾ?"

"ಅಲ್ಲ. ಮೂರು ಜಿಬಿ ತುಂಬಿತ್ತು ಅಂತ ತೋರಿಸ್ತಿದೆ."

"ಅಂದ್ರೆ ಯಾರೋ ಕೆಲಸ ಮಾಡಿರೋದು. ನಿಲ್ಸು."

"ನಿಲ್ಸಿದ್ರೆ ಎಲ್ಲಾನೂ ಅರ್ಧಕ್ಕೆ ನಿಲ್ಲತ್ತೆ. ಸೋಮವಾರ ಬೆಳಗ್ಗೆ ಈ ಆಫೀಸಿನ ಮೇಡಂಗೆ ನೀನು ಹೇಳ್ತೀಯಾ?"

ಆಗ ನಕಲು ಶೇಕಡಾ ಹನ್ನೆರಡಕ್ಕೆ ಬಂದಿತ್ತು. ನಿಲ್ಲಿಸಿದ್ದರೆ ಆ ಅಪರಿಚಿತರ ಕಡತಗಳಲ್ಲಿ ಬಹುಪಾಲು ಉಳಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಅದೊಂದನ್ನು ಮಾತ್ರ ಕಳಚೋಣವೆಂದು ಎಲ್ಲ ವೈರುಗಳೂ ಕೂಡುವ ಬೀರುವಿನ ಹತ್ತಿರ ಹೋದೆ. ಚೀಟಿಯಿಲ್ಲದ ವೈರು ಒಂದೇ ಇತ್ತು. ಹಿಂಗೋಡೆಯ ತೂತಿನೊಳಗೆ ಹೋಗಿತ್ತು. ಕಿತ್ತೆ.

"ನಿಂತ್ತಾ?" ಎಂದು ಕೂಗಿದೆ.

"ಇಲ್ಲ. ಮೂವತ್ತೊಂದು ಪರ್ಸೆಂಟು... ಮೂವತ್ತೆರಡು..."

"ಸರಿಯಾಗಿ ನೋಡೋ!"

"ನೋಡ್ತಾನೇ ಇದೀನಿ. ನೀನ್ ಏನ್ ಕಿತ್ತೆ?"

ವೈರಿನ ತುದಿ ನನ್ನ ಕೈಯಲ್ಲೇ ಇತ್ತು. ಗೋಡೆಯ ಆಚೆ ಹೋಗಿ ನೋಡಿದೆ. ಅಲ್ಲಿ ಕೋಣೆಯಿರಲಿಲ್ಲ, ಹಿತ್ತಲು. ವೈರಿನ ಇನ್ನೊಂದು ತುದಿ ಎರಡು ಅಂಗುಲ ಹೊರಗೆ ಚಾಚಿ ತುಂಡಾಗಿತ್ತು. ಅದರ ಮೇಲೂ ಗೋಡೆಯ ಸುಣ್ಣ ಬಳಿದಿತ್ತು.

೩ ಗಂಟೆ ೨೫ಕ್ಕೆ ನಲವತ್ತೊಂದೂ ಮುಗಿದವು. ಕೊನೆಯ ಸಾಲು, ಕೆಲಸ ಪೂರ್ಣವೆಂದು ತೋರಿಸಿ, ಪಟ್ಟಿಯಿಂದ ತಾನೇ ಮಾಯವಾಯಿತು. ಸೋಮವಾರ ಮೇಡಂ ಸಂತೋಷದಿಂದ ಸಹಿ ಹಾಕಿದರು. ವರದಿಯಲ್ಲಿ ನಲವತ್ತು ಎಂದೇ ಬರೆದಿದ್ದೆ. ಎಲ್ಲ ಕಂಪ್ಯೂಟರುಗಳೂ ಈ ಹಾಲಿನಲ್ಲೇ ಇವೆಯೇ ಎಂದು ನಾನು ಕೇಳಿದಾಗ, ಮೇಡಂ, "ಇನ್ನೆಲ್ಲಿರ್ತಾವ್ರೀ?" ಎಂದರು. ಮುಂದೆ ಕೇಳುವ ಧೈರ್ಯವಾಗಲಿಲ್ಲ.

ಆ ಮೂರು ಜಿಬಿಯಲ್ಲಿ ಏನಿತ್ತೋ ನನಗೆ ತಿಳಿಯದು. ಯಾರದೋ ವರ್ಷಗಳ ಕೆಲಸವಿರಬಹುದು, ಫೋಟೋಗಳಿರಬಹುದು. ಅದಕ್ಕೆ ನಾನು ಸಿಡಿ ಮಾಡಿರಲಿಲ್ಲ. ಆ ಶನಿವಾರ ಮಧ್ಯಾಹ್ನ ನಿಮ್ಮ ಕಂಪ್ಯೂಟರು ತಾನಾಗಿ ಎದ್ದು ಎಲ್ಲವನ್ನೂ ಕಳೆದುಕೊಂಡಿದ್ದರೆ, ಅಥವಾ ಹಾಗೆ ಕಳೆದುಕೊಂಡವರನ್ನು ನೀವು ಬಲ್ಲಿರಾದರೆ, ದಯವಿಟ್ಟು ನನಗೆ ಬರೆಯಿರಿ. ಅದು ಎಲ್ಲಿತ್ತೆಂದು ಹೇಳದಿದ್ದರೂ ಸರಿ. ಅದರಲ್ಲಿ ಏನಿತ್ತೆಂದು ತಿಳಿಸಿ.