ಮಂಜಪ್ಪನ ಬಸ್ಸಿನ ಬಾಯಾರಿಕೆ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸನ್ನು, ಅದರ ಡ್ರೈವರಾಗಿದ್ದ ನಮ್ಮ ಯಜಮಾನರು, ಸ್ಟಾಪಿಲ್ಲದ ಕಡೆ ಯಾರಿಗೂ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ನನ್ನ ತಾಯಿಯೇ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದಿದ್ದಳು. ಹಾರ್ನ್ ಹೊಡೆದುಕೊಂಡು ಹೋದರು. ಸಂಜೆ ನಾನು ಜಗಳಕ್ಕೆ ನಿಂತರೆ, "ಸ್ಟಾಪು ಅಲ್ಲೇ ಕಾಣ್ತಿತ್ತು. ನಿಮ್ಮಮ್ಮಂಗೆ ಕಾಲಿಲ್ವಾ?" ಎಂದರು.

ಅಂಥವರು, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲಿನ ವರ್ಷಗಳಲ್ಲಿ, ಕಾಡಿನ ತಿರುವುಗಳಲ್ಲೆಲ್ಲ ಬಸ್ಸು ನಿಲ್ಲಿಸತೊಡಗಿದರು. ರೇಡಿಯೇಟರಿಗೆ ನೀರು ಹಾಕುವವರಂತೆ ಕೈಯಲ್ಲೊಂದು ಡಬ್ಬ ಹಿಡಿದು ಇಳಿದು ಮರದ ಮರೆಗೆ ಹೋಗುತ್ತಿದ್ದರು. ಹೋದವರು ಬೇಗ ಬರುತ್ತಿರಲಿಲ್ಲ. "ಮಂಜಪ್ಪನ ಬಸ್ಸಿಗೆ ಭಾರಿ ಬಾಯಾರಿಕೆ ಮಾರಾಯ್ರೆ" ಎಂದು ಬಸ್ಸಿನಲ್ಲಿದ್ದ ಮೇಳಿಗೆ ಕಡೆಯವರು ನಗುತ್ತಿದ್ದರು. ಒಂದು ಸಲ ಆ ಬಸ್ಸಿನಲ್ಲಿ ನಾನೂ ಇದ್ದೆ. ನಾನೂ ನಕ್ಕೆ.

ಮೂತ್ರಕ್ಕೆ ಕಷ್ಟವೆಂದು ನನಗೆ ಹೇಳಿದ್ದು ಆಮೇಲೆ. ಡ್ರೈವರುಗಳಿಗೆಲ್ಲ ಒಂದೇ ನಂಬಿಕೆ. ಎಂಜಿನ್ ಪಕ್ಕ ಕೂತು ಮೈಗೆ ಕಾವು ಹತ್ತುತ್ತದೆ, ಮೂತ್ರ ಕಟ್ಟುತ್ತದೆ, ಎಲ್ಲ ಉಷ್ಣ. ನಾನೂ ನಂಬಿದೆ. ಕೊತ್ತಂಬರಿ ನೀರು, ಬಾರ್ಲಿ ಗಂಜಿ, ನೆತ್ತಿಗೆ ಹರಳೆಣ್ಣೆ. ಕುಡಿಸಿದಷ್ಟೂ ಅವರ ಪಾಡು ಹೆಚ್ಚಾಯಿತು. ಪೇಟೆಯ ಡಾಕ್ಟರು ಹಿಂದಿನಿಂದ ಬೆರಳು ಹಾಕಿ ನೋಡಬೇಕೆಂದಾಗ ಪಂಚೆ ಬಿಗಿದುಕೊಂಡು ಎದ್ದು ಬಂದುಬಿಟ್ಟರು. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮೂತ್ರದಲ್ಲಿ ರಕ್ತ ಕಂಡ ಮೇಲೆ ಹೋದರು, ತೋರಿಸಿಕೊಂಡರು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕೂರಿಸಿ, ಜೊತೆಗೆ ಬಂದಿದ್ದ ಯಜಮಾನರ ಅಣ್ಣ, ಅಂದರೆ ನಮ್ಮ ಭಾವನನ್ನು ಒಳಗೆ ಕರೆದರು. ಭಾವ ಹೊರಬಂದು, "ಏನಿಲ್ಲ, ಉಷ್ಣವೇ. ನರ ಸ್ವಲ್ಪ ಊದಿದೆ" ಎಂದರು.

ಕಾಯಿಲೆ ಯಾರದು, ಹೇಳಿದ್ದು ಯಾರಿಗೆ? ರಕ್ತದ ಪಂಚೆ ಒಗೆಯುವವಳು ನಾನು. ಎಲ್ಲ ಗೊತ್ತಿದ್ದೂ ಭಾವ ಮತ್ತೆ ಆರು ತಿಂಗಳು ನಾನು ಕೊತ್ತಂಬರಿ ಕುದಿಸುವ ಹಾಗೆ ಮಾಡಿದರು. ಇವತ್ತಿಗೂ ಆ ವಾಸನೆಗೆ ನನಗೆ ಮೈ ಉರಿಯುತ್ತದೆ.

ಬೆನ್ನು ಹಿಡಿದು ಸ್ಟೇರಿಂಗ್ ತಿರುಗಿಸಲಾಗದಾಗ, ಅವರೊಬ್ಬರೇ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿಬಂದರು. ನಾನು ಅಕ್ಕಿ ಆರಿಸುತ್ತಿದ್ದೆ. ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತರು.

"ಉಷ್ಣ ಅಲ್ವಂತೆ ಕಣೆ. ಕ್ಯಾನ್ಸರ್ರು. ಮೂತ್ರದ ಚೀಲದ ಕೆಳಗೆ ಗಂಡಸ್ರಿಗೆ ಒಂದು ಗ್ರಂಥಿ ಇರ್ತದಂತೆ, ಅದಕ್ಕೆ. ಈಗ ಮೂಳೆಗೂ ಹೋಗಿದೆ. ಪೇಟೆ ಡಾಕ್ಟ್ರು ಹೇಳಿ ಅಣ್ಣಂಗೆ ಆವಾಗ್ಲೇ ಗೊತ್ತಿತ್ತು."

ಮೊರ ಕೆಳಗಿಟ್ಟೆ. ಅವರು ನಕ್ಕರು. "ಆಗುಂಬೆ ಘಾಟೀಲಿ ಬ್ರೇಕಿಲ್ದೆ ಬಸ್ಸು ಇಳಿಸಿದೋನು, ಡಾಕ್ಟ್ರ ಒಂದು ಬೆರಳಿಗೆ ಹೆದ್ರಿದೆ ನೋಡು. ಯಾರಾದ್ರೂ ಕೇಳಿದ್ರೆ ಕಾಯಿಲೆ ಹೆಸ್ರು ಹೇಳು. ನಮ್ಮ ಡ್ರೈವರುಗಳೆಲ್ಲ ಕೊತ್ತಂಬರಿ ನೀರು ಕುಡೀತಾ ಕೂತಿದಾರೆ."

ಆಮೇಲೆ ಪ್ರತಿ ಸಲವೂ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅಲ್ಲಿ ಕೊಟ್ಟ ಮಾತ್ರೆಗೆ ಅವರ ಎದೆ ಹೆಂಗಸರ ಹಾಗೆ ಊದಿತು. ಯಾರೂ ನೋಡಬಾರದೆಂದು ಭಾವ ಶಾಲು ತಂದು ಹೊದಿಸಿದರು. ಇವರು ಕಿತ್ತು ಎಸೆದರು. ಮಳೆಗಾಲ ಮುಗಿಯುವ ಮೊದಲೇ ಹೋದರು.

ತಿಥಿಯೂಟಕ್ಕೆ ಡ್ರೈವರುಗಳದೇ ಒಂದು ಸಾಲು ಕೂತಿತ್ತು. ಯಾರೋ ಏನಾಗಿತ್ತೆಂದು ಕೇಳಿದರು. ಭಾವ ಸಾರು ಬಡಿಸುತ್ತ, "ಉಷ್ಣ ಹೆಚ್ಚಾಗಿ..." ಎಂದು ಶುರುಮಾಡಿದರು.

ನಾನು ಬಾಗಿಲಿಗೆ ಬಂದೆ. "ಉಷ್ಣ ಅಲ್ಲ. ಮೂತ್ರದ ಚೀಲದ ಕೆಳಗಿನ ಗ್ರಂಥಿಗೆ ಕ್ಯಾನ್ಸರ್. ಡಾಕ್ಟ್ರು ಹಿಂದಿನಿಂದ ಬೆರಳು ಹಾಕಿ ನೋಡ್ತಾರೆ. ಇವರು ನಾಚ್ಕೊಂಡು ಓಡಿಬಂದ್ರು."

"ಗಂಗಮ್ಮ, ಊಟಕ್ಕೆ ಕೂತಿದಾರೆ. ಇದೆಲ್ಲ ಆಡೋ ಮಾತಾ?" ಎಂದರು ಭಾವ.

"ನೀವು ಆಡ್ಬೇಕಿದ್ದ ಮಾತು ಭಾವ. ನಾನು ಆಡ್ತಿದೀನಿ."

ಯಾರೂ ಎಲೆಯಿಂದ ತಲೆಯೆತ್ತಲಿಲ್ಲ. ಊಟವಾದ ಮೇಲೆ ಐವತ್ತು ದಾಟಿದ ಒಬ್ಬ ಡ್ರೈವರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದ. ಬಚ್ಚಲ ಗೋಡೆ ನೋಡುತ್ತಲೇ ಕೇಳಿದ: "ಅಕ್ಕಾ, ಆ ಡಾಕ್ಟ್ರು ಯಾವ ವಾರ ಸಿಗ್ತಾರೆ?"

"ಸೋಮವಾರ, ಗುರುವಾರ."

"ಎರಡು ದಿನಾನೂ ನಂಗೆ ಡ್ಯೂಟಿ ಇದೆ."

"ಬಸ್ಸು ಯಾರಾದ್ರೂ ಓಡಿಸ್ತಾರೆ," ಎಂದೆ. "ನೀನು ಹೋಗು."