ಮಾದೇವಿಗೆ ತೋರಿಸಿದ ಸ್ಲೇಟು

ಇವತ್ತು ನಾನು ಪಾಠ ಮಾಡುವ ಕ್ಲಾಸಿನಲ್ಲಿ ಮಕ್ಕಳು ಎಂಜಲು ಹಚ್ಚಿ ಸ್ಲೇಟು ಒರೆಸಿದರು. ಆ ವಾಸನೆಗೆ ಗುಂಡ್ಲುಪೇಟೆ ಹತ್ತಿರದ ನಮ್ಮೂರ ಶಾಲೆ ನೆನಪಾಯಿತು.

ಲೆಕ್ಕ ಕೊಟ್ಟ ಮೇಲೆ ಮೇಷ್ಟ್ರು ಎಲ್ಲರ ಸ್ಲೇಟೂ ಎತ್ತಿಸೋರು. ಒಬ್ಬರದು ತಪ್ಪಿದ್ದರೂ ಹುಣಸೆಬೀಜ ಹರಡಿಕೊಂಡು ಭಾಗಾಕಾರವನ್ನು ಮೊದಲಿಂದ ಹೇಳಿಕೊಡೋರು. ತಪ್ಪುತ್ತಿದ್ದವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಮಾದೇವಿ. ನನಗೋ ಆಟದ ಅವಸರ.

"ನಂದು ನೋಡ್ಕೊಂಡು ಬರಿ ಕಣಮ್ಮಿ, ಬೇಗ ಆಟಕ್ಕೋಗನ" ಅಂತ ಸ್ಲೇಟು ವಾಲಿಸುತ್ತಿದ್ದೆ. ಎಲ್ಲರದೂ ಸರಿಯಿರುವುದು ಕಂಡು ಮೇಷ್ಟ್ರು ಬೀಜಗಳನ್ನು ಡಬ್ಬಿಗೆ ತುಂಬಿ ಮುಂದಿನ ಪಾಠಕ್ಕೆ ಹೋದರು. ಮಾದೇವಿಗೆ ಭಾಗಾಕಾರ ಬರಲೇ ಇಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಚೆಂಡುಹೂ ಬಿಡಿಸುವ ಕೂಲಿಗೆ ಹೋದಳು.

ಇವತ್ತೂ ಎಲ್ಲ ಸ್ಲೇಟೂ ಸರಿಯಿದ್ದವು. ನಂಬದೆ ಒಬ್ಬೊಬ್ಬರನ್ನೇ ಕರೆದು ಬೀಜ ಹಂಚಿಸಿ ನೋಡಿದೆ.

ಮಾದೇವಿ ಸಿಕ್ಕಾಗ ಈಗಲೂ ಅಂತಾಳೆ: "ನೀನಿದ್ದೆ, ಅದ್ಕೆ ನಂದು ಒಂದಿನಾನೂ ತಪ್ಪಾಗ್ನಿಲ್ಲ ಕಣಮ್ಮಿ."